ಹಳೆಯ ಮನೆಗೆ ಸೋಲಾರ್: ಚಾವಣಿ ಕೆಡದಂತೆ ಕೂರಿಸುವ ಬಗೆ

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದಲ್ಲಿ ಇನ್ನೂ ಉಳಿದಿರುವ ಹೆಂಚಿನ ಮನೆಗಳಿಗೆ, ಮರದ ಜಂತಿಯ ಮೇಲೆ ಇಟ್ಟಿಗೆ, ಗಾರೆ ಕಟ್ಟಿದ ಮದ್ರಾಸ್ ತಾರಸಿಯ ಮನೆಗಳಿಗೆ ಸೋಲಾರ್ ಪ್ಯಾನೆಲ್ ಕೂರಿಸುವುದು ನನ್ನ ಕಸುಬು. ತಂದೆ ಹೆಂಚು ಹೊದಿಸುವ ಮೇಸ್ತ್ರಿಯಾಗಿದ್ದರು. ಚಾವಣಿಯ ಮೇಲೆ ಹೆಜ್ಜೆ ಇಡುವುದನ್ನು ಅವರಿಂದ ಕಲಿತೆ, ವಿದ್ಯುತ್ ಕೆಲಸವನ್ನು ಐಟಿಐಯಲ್ಲಿ ಕಲಿತೆ. ಸೋಲಾರ್ ಕೂರಿಸುವ ಬಹುತೇಕ ತಂಡಗಳಿಗೆ ಆರ್‌ಸಿಸಿ ತಾರಸಿಯ ಅಭ್ಯಾಸ ಮಾತ್ರ ಇರುತ್ತದೆ. ಬಂದವರೇ ಡ್ರಿಲ್ ಹಿಡಿದು ತೂತು ಕೊರೆದು, ಬೋಲ್ಟ್ ಬಿಗಿದು, ಸಂಜೆಯೊಳಗೆ ಹೊರಟುಹೋಗುತ್ತಾರೆ. ಕಾಂಕ್ರೀಟಿಗೆ ಅದು ಸರಿ. ಗಾರೆ, ಮರ, ಹೆಂಚಿನ ಮನೆಗೆ ಅದೇ ಕೆಲಸ ಮಾಡಿದರೆ ಮುಂದಿನ ಮಳೆಗಾಲಕ್ಕೆ ಜಂತಿ ನೆನೆಯುತ್ತದೆ, ಅದರ ಮುಂದಿನ ವರ್ಷ ಗೆದ್ದಲು ಬರುತ್ತದೆ. ಮೂರನೆಯ ವರ್ಷ ಮನೆಯವರು ‘ಇನ್ನು ಕೆಡವಿಬಿಡೋಣ’ ಎನ್ನುವ ಮಾತಿಗೆ ಬಂದಿರುತ್ತಾರೆ. ಹಾಗೆ ಒಂದೂ ಮನೆ ಹೋಗಬಾರದು ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು ಪಾಲಿಸುವ ನಿಯಮ ಒಂದೇ: ಪ್ಯಾನೆಲ್‌ಗಳನ್ನು ಮುಂದೆ ಯಾವಾಗ ಬಿಚ್ಚಿದರೂ ಮನೆ ಮೊದಲಿದ್ದಂತೆಯೇ ಉಳಿದಿರಬೇಕು. ಪ್ಯಾನೆಲ್‌ಗೆ ಕಂಪನಿಗಳು ಕೊಡುವ ಭರವಸೆ ಸಾಮಾನ್ಯವಾಗಿ 25 ವರ್ಷದ್ದು. 1898ರ ಪ್ಲೇಗಿನ ನಂತರ ಜನ ಪೇಟೆ ಬಿಟ್ಟು ಬಂದು ಈ ಬಡಾವಣೆಗಳಲ್ಲಿ ಕಟ್ಟಿಕೊಂಡ ಮನೆಗಳ ಆಯುಸ್ಸು ಅದರ ನಾಲ್ಕರಷ್ಟನ್ನು ದಾಟಿದೆ. ಕೆಳಗೆ ಹೇಳುವ ಪ್ರತಿಯೊಂದು ಕ್ರಮವೂ ಈ ಲೆಕ್ಕದಿಂದಲೇ ಹುಟ್ಟಿದ್ದು.

ಮೊದಲು ಬಿಲ್ಲು ನೋಡಿ

ಚಾವಣಿ ಹತ್ತುವ ಮೊದಲು ಒಂದು ವರ್ಷದ ವಿದ್ಯುತ್ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ. ಗೃಹಜ್ಯೋತಿಯಲ್ಲಿ ಪ್ರತಿ ತಿಂಗಳೂ ಶೂನ್ಯ ಬಿಲ್ ಬರುತ್ತಿರುವ ಮನೆಗೆ ಸೋಲಾರ್‌ನಿಂದ ಉಳಿಯುವ ಹಣ ಹೆಚ್ಚಿರುವುದಿಲ್ಲ. ಇಬ್ಬರೇ ವೃದ್ಧರಿರುವ ಮನೆಯವರು ಕರೆದಾಗ ನಾನು ಇದನ್ನು ನೇರವಾಗಿ ಹೇಳುತ್ತೇನೆ. ಅವರ ಹಣ ಮೊದಲು ಚಾವಣಿಯ ರಿಪೇರಿಗೆ ಹೋಗಲಿ. 200 ಯೂನಿಟ್ ದಾಟುವ ಮನೆ, ವಿದ್ಯುತ್ ಸ್ಕೂಟರ್ ಅಥವಾ ಕಾರು ಬಂದಿರುವ ಮನೆ, ಗ್ಯಾಸ್ ಬಿಟ್ಟು ಇಂಡಕ್ಷನ್ ಒಲೆಗೆ ಬಂದವರು, ಮನೆಯಲ್ಲೇ ಕಚೇರಿ ಇಟ್ಟವರು – ಇವರಿಗೆ ಲಾಭವಿದೆ.

ಬೆಂಗಳೂರಿನಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇದಕ್ಕಿಂತ ಹೆಚ್ಚು, ಜುಲೈ–ಆಗಸ್ಟ್‌ನ ಮೋಡದಲ್ಲಿ ಸಾಕಷ್ಟು ಕಡಿಮೆ. 3 ಕಿಲೋವ್ಯಾಟ್ ಎಂದರೆ ತಿಂಗಳಿಗೆ ಸುಮಾರು 350 ಯೂನಿಟ್. ಈಗ ಸಿಗುವ 540 ವ್ಯಾಟ್‌ನ ಪ್ಯಾನೆಲ್‌ಗಳಾದರೆ ಆರು ಸಾಕು. ಒಂದೊಂದೂ ಸುಮಾರು ಏಳೂವರೆ ಅಡಿ ಉದ್ದ, ಮೂರೂ ಮುಕ್ಕಾಲು ಅಡಿ ಅಗಲ, 27–28 ಕಿಲೋ ತೂಕ. ಹಳೆಯ ಮನೆಗೆ ಇದಕ್ಕಿಂತ ದೊಡ್ಡದನ್ನು ನಾನು ಅಪರೂಪಕ್ಕೆ ಶಿಫಾರಸು ಮಾಡುತ್ತೇನೆ.

ಅನುಮತಿಯ ವಿಷಯ

ಅಮೆರಿಕದಲ್ಲಿ ಪಾರಂಪರಿಕ ಎಂದು ಗುರುತಿಸಿದ ಬಡಾವಣೆಗಳ ಮನೆಗೆ ಪ್ಯಾನೆಲ್ ಹಾಕಬೇಕಾದರೆ ಬಹಳ ಕಡೆ ಸ್ಥಳೀಯ ಸಮಿತಿಯ ಒಪ್ಪಿಗೆ ಬೇಕು. ರಸ್ತೆಯಿಂದ ಕಾಣುತ್ತದೆಯೇ, ಮೂಲ ಚಾವಣಿಗೆ ಹಾನಿಯಾಗದಂತೆ ತೆಗೆಯಬಹುದೇ ಎಂಬ ಎರಡು ಪ್ರಶ್ನೆಗಳನ್ನು ಅವರು ಮುಖ್ಯವಾಗಿ ಕೇಳುತ್ತಾರೆ. ನಮ್ಮಲ್ಲಿ ಖಾಸಗಿ ಹಳೆಯ ಮನೆಗಳಲ್ಲಿ ಬಹುಪಾಲಿಗೆ ಅಂಥ ಕಾವಲು ಇಲ್ಲ. ಆ ಎರಡು ಪ್ರಶ್ನೆಗಳನ್ನು ನಾವೇ ಕೇಳಿಕೊಳ್ಳಬೇಕು.

ಆದರೆ ಒಂದು ಕಾನೂನು ಮಾತ್ರ ಖಂಡಿತ ನೆನಪಿರಲಿ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಸಂರಕ್ಷಿಸಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದನ್ನು ಬಿಗಿಗೊಳಿಸಿತು. ಬೆಂಗಳೂರಿನಲ್ಲಿ ಟಿಪ್ಪು ಸುಲ್ತಾನನ ಅರಮನೆ, ಕೋಟೆ ಇವುಗಳ ಸುತ್ತಲಿನ ಮನೆಯವರಿಗೆ ಇದು ನೇರವಾಗಿ ತಟ್ಟುತ್ತದೆ. ಆ ಕಾಯ್ದೆಯ ಪ್ರಕಾರ ಕಟ್ಟಡವನ್ನು ಅಡ್ಡಕ್ಕೆ ಅಥವಾ ಎತ್ತರಕ್ಕೆ ವಿಸ್ತರಿಸುವುದೂ ‘ನಿರ್ಮಾಣ’ವೇ. ಕಬ್ಬಿಣದ ಕಂಬ ನಿಲ್ಲಿಸಿ ಹತ್ತಡಿ ಎತ್ತರಕ್ಕೆ ಪ್ಯಾನೆಲ್ ಎತ್ತಿದರೆ ಅದನ್ನು ವಿಸ್ತರಣೆ ಎನ್ನಲು ಅಧಿಕಾರಿಗೆ ಕಾರಣ ಸಿಗುತ್ತದೆ. ಈ ವ್ಯಾಪ್ತಿಯೊಳಗೆ ಇದ್ದೀರಿ ಎಂದು ಅನುಮಾನ ಬಂದರೂ ಚಿತ್ರ, ಅಳತೆ ಸಮೇತ ಸಕ್ಷಮ ಪ್ರಾಧಿಕಾರಕ್ಕೆ ಬರೆದು, ಉತ್ತರವನ್ನು ಲಿಖಿತವಾಗಿಯೇ ಪಡೆದ ನಂತರ ಮುಂಗಡ ಕೊಡಿ. ರಾಜ್ಯ ಸಂರಕ್ಷಿತ ಸ್ಮಾರಕದ ಪಕ್ಕದಲ್ಲಿದ್ದರೆ ರಾಜ್ಯದ ಪುರಾತತ್ವ ಇಲಾಖೆಯನ್ನು ಕೇಳಿ.

ಮನೆ ಯಾವ ಕಾಲದ್ದು, ಏನನ್ನು ಮುಟ್ಟಬಾರದು ಎಂದು ತಿಳಿಯದವರು ಪಾರಂಪರಿಕ ಕಟ್ಟಡಗಳ ಉಳಿವಿಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆಯನ್ನು ಸಂಪರ್ಕಿಸಬಹುದು. ನಗರದ ಹಳೆಯ ಕಟ್ಟಡಗಳನ್ನು ಪಟ್ಟಿ ಮಾಡುವ ಕೆಲಸದಲ್ಲಿ ಅವರು ಬಹಳ ಕಾಲದಿಂದ ಇದ್ದಾರೆ.

ಅಟ್ಟ ಹತ್ತಿ ಮರ ನೋಡಿ

ಅಂದಾಜು ಪಟ್ಟಿ ಕೊಡಲು ಬಂದವರು ಮೊಬೈಲಿನಲ್ಲಿ ಉಪಗ್ರಹ ಚಿತ್ರ ತೆರೆದು ‘ಐದು ಕಿಲೋವ್ಯಾಟ್ ಹಿಡಿಯುತ್ತದೆ’ ಎಂದರೆ ಅವರನ್ನು ಅಟ್ಟಕ್ಕೆ ಕರೆದುಕೊಂಡು ಹೋಗಿ. ಬರುವುದಿಲ್ಲ ಎಂದರೆ ಆ ತಂಡ ಬೇಡ.

ನಾನು ಒಯ್ಯುವುದು ಟಾರ್ಚು, ಉದ್ದನೆಯ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಸೀಮೆಸುಣ್ಣ. ಮರ ಕೆಡುವುದು ಸಾಮಾನ್ಯವಾಗಿ ನಡುವಿನಲ್ಲಿ ಅಲ್ಲ, ಗೋಡೆಯೊಳಗೆ ಹೋಗುವ ತುದಿಯಲ್ಲಿ. ಅಲ್ಲಿ ತೇವ ನಿಂತಿರುತ್ತದೆ, ಗಾಳಿ ಆಡುವುದಿಲ್ಲ. ಆ ತುದಿಗೆ ಸ್ಕ್ರೂಡ್ರೈವರ್ ಒತ್ತಿ. ಗಟ್ಟಿ ತೇಗವಾಗಲಿ ಹೊನ್ನೆಯಾಗಲಿ ಮೊನೆಯನ್ನು ಒಳಗೆ ಬಿಡುವುದಿಲ್ಲ. ಸಲೀಸಾಗಿ ಇಳಿದರೆ ಆ ರಾಫ್ಟರಿಗೆ (ಚಾವಣಿಯ ಇಳಿಜಾರಿನ ಉದ್ದಕ್ಕೆ ಹಾಯುವ ಮರದ ತೊಲೆಗೆ) ಸೀಮೆಸುಣ್ಣದಲ್ಲಿ ಗುರುತು ಹಾಕಿ. ಸುತ್ತಿಗೆಯ ಹಿಂಬದಿಯಿಂದ ಉದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಮರ ಠಣ್ ಎನ್ನುತ್ತದೆ, ಒಳಗೆ ಗೆದ್ದಲು ತಿಂದಿದ್ದರೆ ಬೊಳ್ ಎಂಬ ಸದ್ದು ಬರುತ್ತದೆ. ಗೋಡೆಯ ಮೇಲೆ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು ಈಗಲೂ ಓಡಾಡುತ್ತಿದೆ ಎಂದು ಅರ್ಥ. ಹಗಲಿನಲ್ಲಿ ಟಾರ್ಚ್ ಆರಿಸಿ ಒಂದು ನಿಮಿಷ ಸುಮ್ಮನೆ ಕೂತರೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಅಲ್ಲಿ ಹೆಂಚು ಸರಿದಿದೆ ಅಥವಾ ಒಡೆದಿದೆ.

ಗುರುತು ಹಾಕಿದ್ದನ್ನೆಲ್ಲ ಬಡಗಿಯನ್ನು ಕರೆಸಿ ಸರಿಪಡಿಸಿದ ಮೇಲೆಯೇ ಪ್ಯಾನೆಲ್. ಮೇಲೆ ಆರು ಪ್ಯಾನೆಲ್ ಕೂತ ನಂತರ ಅದರ ಕೆಳಗಿನ ರಾಫ್ಟರ್ ಬದಲಿಸಬೇಕೆಂದರೆ ಎಲ್ಲವನ್ನೂ ಬಿಚ್ಚಬೇಕು. ಚಾವಣಿ ರಿಪೇರಿಗೆ ಜನವರಿ–ಫೆಬ್ರವರಿ ಒಳ್ಳೆಯ ಕಾಲ. ಅಶ್ವಿನಿ, ಭರಣಿ ಮಳೆ ಬೀಳುವ ಮುಂಚೆ ಜೋಡಣೆಯೂ ಮುಗಿದರೆ ಬೇಸಿಗೆಯ ಬಿಸಿಲು ಸಿಗುತ್ತದೆ, ಚಾವಣಿಗೆ ಮೊದಲ ಪರೀಕ್ಷೆಯೂ ಸಣ್ಣ ಮಳೆಯಲ್ಲಿ ಆಗುತ್ತದೆ.

ಎಲ್ಲಿ ಕೂರಿಸುವುದು

ಈ ಬಡಾವಣೆಗಳ ಹಳೆಯ ಮನೆಗಳನ್ನು ಸುತ್ತಿ ನೋಡಿದರೆ ಹಿಂಭಾಗದಲ್ಲಿ ಆಮೇಲೆ ಸೇರಿಸಿದ ಒಂದು ಆರ್‌ಸಿಸಿ ತುಂಡು ಹೆಚ್ಚಾಗಿ ಇದ್ದೇ ಇರುತ್ತದೆ. ಬಚ್ಚಲುಮನೆ, ಅಡುಗೆಮನೆಯ ವಿಸ್ತರಣೆ, ಸೌದೆ ಕೋಣೆ ಇದ್ದ ಜಾಗದಲ್ಲಿ ಎದ್ದ ಔಟ್‌ಹೌಸ್, ಕಾರ್ ಶೆಡ್. ಮೊದಲು ನೋಡಬೇಕಾದ ಜಾಗ ಅದು. ಕಾಂಕ್ರೀಟು ಹೇಗೂ ಇದೆ, ರಸ್ತೆಗೆ ಕಾಣುವುದಿಲ್ಲ, ಕೇಬಲ್ಲಿನ ದಾರಿಯೂ ಚಿಕ್ಕದು. ಹೆಂಚಿನ ಚಾವಣಿಯನ್ನು ಮುಟ್ಟದೆಯೇ ಮುಗಿದ ಕೆಲಸಗಳೇ ನನಗೆ ಹೆಚ್ಚು ತೃಪ್ತಿ ಕೊಟ್ಟಿವೆ.

ಗಾಂಧಿ ಬಜಾರಿನ ಹಿಂದಿನ ರಸ್ತೆಯೊಂದರಲ್ಲಿ ಒಬ್ಬ ಅಜ್ಜಿ ಜಗಲಿಯ ಮೇಲೆ ಕೂತು ನನಗೆ ಷರತ್ತು ಹಾಕಿದರು: ‘‘ನೋಡಮ್ಮ, ಇದು ನಮ್ಮ ಮಾವನವರು ಕಟ್ಟಿಸಿದ ಮನೆ. ಮೊಮ್ಮಗ ಏನಾದರೂ ಹಾಕಿಸಿಕೊಳ್ಳಲಿ. ಗೇಟಿನ ಹತ್ತಿರ ನಿಂತವರ ಕಣ್ಣಿಗೆ ಮಾತ್ರ ಏನೂ ಬೀಳಕೂಡದು.’’ ‘‘ಆಗಲಿ ಅಜ್ಜಿ, ನೀವೇ ಗೇಟಿನ ಹತ್ತಿರ ನಿಂತು ನೋಡಿ ಹೇಳಿ’’ ಎಂದೆ. ನಾನು ಎಲ್ಲ ಕಡೆ ಮಾಡುವುದೂ ಅದನ್ನೇ. ಪ್ಯಾನೆಲ್‌ನ ಮೇಲಂಚು ಎಷ್ಟು ಎತ್ತರಕ್ಕೆ ಬರುತ್ತದೋ ಅಷ್ಟು ಉದ್ದದ ಕೋಲಿನ ತುದಿಗೆ ಕೆಂಪು ಬಟ್ಟೆ ಕಟ್ಟಿ, ಒಬ್ಬ ಹುಡುಗನನ್ನು ಮೇಲೆ ನಿಲ್ಲಿಸುತ್ತೇನೆ. ಮನೆಯವರು ಎದುರುಗಡೆಯ ಫುಟ್‌ಪಾತಿನ ಮೇಲೆ ಈ ಕಡೆಯಿಂದ ಆ ಕಡೆಗೆ ನಡೆಯುತ್ತಾರೆ. ಬಟ್ಟೆ ಕಂಡಲ್ಲೆಲ್ಲ ಕೋಲನ್ನು ಹಿಂದಕ್ಕೆ ಸರಿಸಬೇಕು. ಕಾಣದಾದ ಜಾಗಕ್ಕೆ ಸುಣ್ಣದ ಗೆರೆ. ಆ ಗೆರೆಯ ಮುಂದೆ ಒಂದು ಪ್ಯಾನೆಲ್ಲೂ ಬರುವುದಿಲ್ಲ. ಅಜ್ಜಿಯ ಮನೆಯಲ್ಲಿ ಬಚ್ಚಲುಮನೆಯ ತಾರಸಿಯ ಮೇಲೆ ನಾಲ್ಕು, ಪೂರ್ವದ ಇಳಿಜಾರಿನಲ್ಲಿ ಎರಡು ಕೂತವು.

ಪೂರ್ವ ಎಂದೊಡನೆ ಕೆಲವರು ‘ಪ್ಯಾನೆಲ್ ದಕ್ಷಿಣಕ್ಕೇ ಮುಖ ಮಾಡಬೇಕಲ್ಲವೇ’ ಎಂದು ಕೇಳುತ್ತಾರೆ. ದೆಹಲಿಯಲ್ಲಿ ಆ ಮಾತಿಗೆ ತೂಕ ಹೆಚ್ಚು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸು ಮತ್ತು ಆಗಸ್ಟ್ 18ರ ಆಸುಪಾಸು ಮಧ್ಯಾಹ್ನದ ಸೂರ್ಯ ಇಲ್ಲಿ ನೆತ್ತಿಯ ಮೇಲೇ ಬಂದು ನೆರಳೇ ಇಲ್ಲದಂತಾಗುತ್ತದೆ. ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದ ಕಡೆ ಇರುತ್ತಾನೆ. ಆದ್ದರಿಂದ ಪೂರ್ವ ಅಥವಾ ಪಶ್ಚಿಮದ ಇಳಿಜಾರಿನಲ್ಲಿ ಕೂರಿಸಿದರೆ ವರ್ಷದ ಉತ್ಪಾದನೆಯಲ್ಲಿ ಆಗುವ ನಷ್ಟ ಇಲ್ಲಿ ಸಣ್ಣದು. ಮನೆಯ ಮುಂಭಾಗ ದಕ್ಷಿಣಕ್ಕಿದ್ದರೆ ಆ ನಷ್ಟವನ್ನು ಸಂತೋಷದಿಂದ ಒಪ್ಪಿಕೊಳ್ಳಿ, ಮುಂಭಾಗವನ್ನು ಹಾಗೆಯೇ ಬಿಡಿ. ಮಂಕಿ ಟಾಪ್ (ಮರದ ಪಟ್ಟಿಗಳ ಚೂಪು ಮುಡಿ) ಇರುವ ಮುಖ, ಮರದ ಕೆತ್ತನೆಯ ಪಟ್ಟಿ ಇರುವ ಸೂರು, ಇವುಗಳ ಮೇಲೆ ನೀಲಿ ಗಾಜಿನ ಹಲಗೆ ಬಂದರೆ ಆ ಮನೆಯ ಮುಖವೇ ಹೋಗುತ್ತದೆ.

ನೆರಳು ನೋಡಬೇಕಾದದ್ದು ಡಿಸೆಂಬರಿನಲ್ಲಿ. ಆಗ ಮಧ್ಯಾಹ್ನದ ಸೂರ್ಯ ದಿಗಂತದಿಂದ 54 ಡಿಗ್ರಿಯಷ್ಟೇ ಏರುತ್ತಾನೆ. ದಕ್ಷಿಣಕ್ಕೆ ಎದ್ದಿರುವ ನಾಲ್ಕಂತಸ್ತಿನ ಕಟ್ಟಡದ ನೆರಳು ನಿಮ್ಮ ಅರ್ಧ ಚಾವಣಿ ನುಂಗಬಹುದು. ಬೆಳಗ್ಗೆ 9ಕ್ಕೆ, ಮಧ್ಯಾಹ್ನ 12ಕ್ಕೆ, 3ಕ್ಕೆ ನಿಂತು ನೋಡಿ. ನೀರಿನ ಟ್ಯಾಂಕು, ಮೊದಲೇ ಇರುವ ಸೋಲಾರ್ ಬಿಸಿನೀರಿನ ತೊಟ್ಟಿ, ಇವುಗಳ ನೆರಳೂ ಲೆಕ್ಕಕ್ಕೆ ಬರಬೇಕು.

ಮರದ ನೆರಳಿನ ಬಗ್ಗೆ ನನ್ನ ಮಾತು ಖಚಿತ. ಪ್ಯಾನೆಲ್‌ಗಾಗಿ ಸಂಪಿಗೆ, ಹೊಂಗೆ, ಮಾವಿನ ಮರ ಕಡಿಸಲು ಕೇಳಿದರೆ ನಾನು ಆ ಕೆಲಸ ಒಪ್ಪಿಕೊಳ್ಳುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತೆಯೂ ಇಲ್ಲ. ಸ್ವಲ್ಪ ನೆರಳು ಬೀಳುವ ಕಡೆ ಪ್ರತಿ ಪ್ಯಾನೆಲ್‌ಗೆ ಬೇರೆಬೇರೆಯಾಗಿ ಕೂರುವ ಮೈಕ್ರೋ ಇನ್ವರ್ಟರ್ (ಪ್ಯಾನೆಲ್‌ನ ನೇರ ವಿದ್ಯುತ್ತನ್ನು ಮನೆ ಬಳಸುವ ವಿದ್ಯುತ್ತಾಗಿ ಬದಲಿಸುವ ಪೆಟ್ಟಿಗೆ) ಬಳಸಬಹುದು. ಒಂದು ಪ್ಯಾನೆಲ್ ನೆರಳಿಗೆ ಸಿಕ್ಕರೆ ಉಳಿದವುಗಳ ಉತ್ಪಾದನೆ ಕುಸಿಯುವುದಿಲ್ಲ. ಖರ್ಚು ಹೆಚ್ಚು, ಮರ ಉಳಿಯುತ್ತದೆ.

ಮಂಗಳೂರು ಹೆಂಚಿನ ಮೇಲೆ

ಬೇರೆ ಜಾಗ ಸಾಲದೆ ಹೆಂಚಿನ ಚಾವಣಿಯನ್ನೇ ಬಳಸಬೇಕಾದಾಗ ಆತುರಕ್ಕೆ ಎಡೆ ಇಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಾಗಿನಿಂದ ಈ ಹೆಂಚಿನ ಗುಣ ಒಂದೇ: ಒಂದರ ತುಟಿ ಇನ್ನೊಂದರ ಕಾಲುವೆಗೆ ಕೂತು ನೀರು ತಡೆಯುತ್ತದೆ, ಯಾವುದನ್ನೂ ಮೊಳೆ ಹೊಡೆಯದೆ ಸರಿಸಬಹುದು. ನಮ್ಮ ಜೋಡಣೆ ನಿಲ್ಲುವುದೂ ಈ ಗುಣದ ಮೇಲೆಯೇ. ಹೆಂಚಿಗೆ ತೂತು ಕೊರೆಯುವ ಅಗತ್ಯವೇ ಇಲ್ಲ.

ಭಾರ ಹೊರಬೇಕಾದದ್ದು ರಾಫ್ಟರ್. ಹೆಂಚಿಗಾಗಲಿ, ಹೆಂಚನ್ನು ಹಿಡಿದಿರುವ ತೆಳು ರೀಪರ್‌ಗಾಗಲಿ ಭಾರ ಬೀಳಬಾರದು. ಹೆಂಚೇ ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ, ಮಳೆಯಲ್ಲಿ ನೀರು ಕುಡಿದು ಇನ್ನೂ ಭಾರವಾಗುತ್ತದೆ. ಪ್ಯಾನೆಲ್, ಪಟ್ಟಿ ಎಲ್ಲ ಸೇರಿ ಅದರ ಮೇಲೆ 12–15 ಕಿಲೋ ಕೂಡುತ್ತದೆ. ಗಟ್ಟಿ ಮರಕ್ಕೆ ಇದು ಹೆಚ್ಚಲ್ಲ. ನನಗೆ ಹೆಚ್ಚಿನ ಚಿಂತೆ ಗಾಳಿಯದು. ಬೆಂಗಳೂರಿಗೆ ಭಾರತೀಯ ಮಾನಕ 875 ನಿಗದಿ ಮಾಡಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಮುಂಚಿನ ಗಾಳಿ ಪ್ಯಾನೆಲ್‌ನ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆ ಎತ್ತುತ್ತದೆ. ಆ ಎಳೆತವೂ ರಾಫ್ಟರಿಗೇ ಹೋಗಬೇಕು.

ಕೆಲಸದ ಕ್ರಮ ಹೀಗೆ. ಚಾವಣಿಯ ಮೇಲೆ ಉದ್ದಕ್ಕೆ ಏಣಿ ಮಲಗಿಸಿ, ಅಡಿಯಲ್ಲಿ ಗೋಣಿಚೀಲ ಹಾಸಿ. ಹೆಂಚಿನ ಮೇಲೆ ಕಾಲಿಡಲೇಬೇಕಾದರೆ ಎರಡು ಹೆಂಚು ಒಂದರ ಮೇಲೊಂದು ಕೂಡುವ ಕೆಳತುದಿಯಲ್ಲಿ, ರೀಪರ್ ಇರುವ ಗೆರೆಯಲ್ಲೇ ಇಡಬೇಕು. ನಡುವೆ ಇಟ್ಟರೆ ಒಡೆಯುತ್ತದೆ. ಅಟ್ಟದಿಂದ ಅಳೆದುಕೊಂಡ ಲೆಕ್ಕದಂತೆ ರಾಫ್ಟರ್ ಇರುವ ಕಡೆ ಎರಡು ಹೆಂಚುಗಳನ್ನು ಮೇಲಿನ ಸಾಲಿನ ಅಡಿಗೆ ಸರಿಸಿ. ಕೆಳಗೆ ಧೂಳು, ಒಣಗಿದ ಎಲೆ, ಕೆಲವೊಮ್ಮೆ ಅಳಿಲಿನ ಗೂಡು. ಅದನ್ನೆಲ್ಲ ಬ್ರಷ್‌ನಿಂದ ತೆಗೆದರೆ ರಾಫ್ಟರಿನ ಬೆನ್ನು ಕಾಣುತ್ತದೆ. ಅದರ ಮೇಲೆ, ಪ್ಯಾನೆಲ್‌ನ ಪಟ್ಟಿಗಳನ್ನು ಹೊರುವ ಸ್ಟೇನ್‌ಲೆಸ್ ಸ್ಟೀಲಿನ ಹುಕ್ಕಿನ ಬುಡ ಇಟ್ಟು, ಮೊದಲು ಸಣ್ಣ ತೂತು ಮಾಡಿಕೊಂಡು, ಎರಡು ಸ್ಟೀಲ್ ತಿರುಪುಗಳನ್ನು ಕೈಯಿಂದಲೇ ಬಿಗಿಯುತ್ತೇನೆ. ಯಂತ್ರದಿಂದ ಒಂದೇ ಸಲಕ್ಕೆ ಬಿಗಿದರೆ ಒಣಗಿದ ಹಳೆಯ ಮರ ಸೀಳುತ್ತದೆ. ಕಬ್ಬಿಣದ ತಿರುಪು ಬೇಡ, ತುಕ್ಕು ಮರವನ್ನೂ ತಿನ್ನುತ್ತದೆ. ಹುಕ್ ಬೇಕಾದ ಜಾಗದಲ್ಲಿ ರಾಫ್ಟರ್ ಇಲ್ಲದಿದ್ದರೆ ಎರಡು ರಾಫ್ಟರ್‌ಗಳ ನಡುವೆ ಅಡ್ಡ ಹಲಗೆ ಕೂರಿಸಿ, ಹುಕ್ಕನ್ನು ಹಲಗೆಗೆ ಬಿಗಿಯಬೇಕು.

ಹುಕ್ಕಿನ ತೋಳು ಹೊರಬರಬೇಕಾದದ್ದು ಕೆಳಗಿನ ಹೆಂಚಿನ ತಗ್ಗಿನಲ್ಲಿ, ಉಬ್ಬಿನಲ್ಲಿ ಅಲ್ಲ. ತೋಳಿಗೂ ಆ ಹೆಂಚಿಗೂ ನಡುವೆ ಚಿಕ್ಕ ಬೆರಳಿನ ತುದಿ ತೂರುವಷ್ಟು ಸಂದು ಇರಲಿ. ತೋಳು ಹೆಂಚನ್ನು ಮುಟ್ಟಿದ್ದರೆ ಗಾಳಿ ಬೀಸಿದಾಗಲೆಲ್ಲ ಅದು ಹೆಂಚನ್ನು ಕುಟ್ಟುತ್ತದೆ. ಈಗ ಸರಿಸಿದ್ದ ಹೆಂಚನ್ನು ಕೆಳಕ್ಕೆ ಎಳೆದರೆ ಅದು ತೋಳಿನ ಮೇಲೆ ಎತ್ತರಿಸಿ ಕೂರುತ್ತದೆ, ತುಟಿ ಸೇರುವುದಿಲ್ಲ. ಹೆಂಚನ್ನು ತೆಗೆದು, ಕೆಳಗಿಳಿಸಿ, ಅದರ ಒಳಮೈಯ ಕೆಳಂಚಿನಲ್ಲಿ ತೋಳಿನ ಅಗಲಕ್ಕೆ ತಕ್ಕ ಕಚ್ಚನ್ನು ಗ್ರೈಂಡರಿನಿಂದ ಸವೆಸಬೇಕು. ಮೇಲ್ಮೈಗೆ ಏನೂ ತಾಗಬಾರದು. ಸವೆಸಿ, ಕೂರಿಸಿ ನೋಡಿ, ಮತ್ತೆ ಸವೆಸಿ, ಸುತ್ತಲಿನ ಹೆಂಚುಗಳ ಮಟ್ಟಕ್ಕೇ ಬರುವ ತನಕ ಮಾಡಬೇಕು. ಒಂದು ಹುಕ್ಕಿಗೆ ಹಿಡಿಯುವ ಸಮಯದ ಹೆಚ್ಚಿನ ಪಾಲು ಇದಕ್ಕೇ ಹೋಗುತ್ತದೆ. ಇದನ್ನು ಬಿಟ್ಟು ಸಂದಿಗೆ ಸಿಲಿಕೋನ್ ತುಂಬಿದ ಚಾವಣಿಗಳನ್ನು ನೋಡಿದ್ದೇನೆ. ಕಾಲ ಕಳೆದಂತೆ ಸಿಲಿಕೋನ್ ಹೆಂಚಿನಿಂದ ಬಿಟ್ಟುಕೊಳ್ಳುತ್ತದೆ, ನೀರು ನೇರ ರಾಫ್ಟರಿಗೆ ಇಳಿಯುತ್ತದೆ. ಸವೆಸಲು ಮನೆಯ ಹೆಂಚಿನ ಬದಲು ಬೇಡವಾದ ಹಳೆಯ ಹೆಂಚೊಂದನ್ನು ಬಳಸಿ, ಮೂಲ ಹೆಂಚನ್ನು ಅಟ್ಟದಲ್ಲಿ ಜೋಡಿಸಿಟ್ಟರೆ ಇನ್ನೂ ಒಳ್ಳೆಯದು. ಪ್ಯಾನೆಲ್ ತೆಗೆದ ದಿನ ಅದನ್ನೇ ಮರಳಿ ಹೊದಿಸಬಹುದು.

ಹೆಂಚು ಕೊಳ್ಳುವಾಗ ಅಡಿಯಲ್ಲಿ ಒತ್ತಿರುವ ಕಾರ್ಖಾನೆಯ ಹೆಸರು ಓದಿ. ಬೇರೆ ಬೇರೆ ಕಾರ್ಖಾನೆಗಳ ಹೆಂಚಿನ ತುಟಿಯ ಅಳತೆ ಬೇರೆ, ಒಂದಕ್ಕೊಂದು ಕೂಡುವುದಿಲ್ಲ. ಹಳೆಯ ಮನೆ ಕೆಡವಿದ ಕಡೆ ಅದೇ ಹೆಸರಿನವು ಸಿಕ್ಕರೆ ಒಂದಿಷ್ಟು ಹೆಚ್ಚೇ ತಂದಿಡಿ. ಅಡುಗೆಮನೆ, ನಡುಮನೆಯ ಮೇಲಿನ ಗಾಜಿನ ಹೆಂಚುಗಳನ್ನು ಮರೆಯದೆ ಗುರುತಿಸಿ ಪ್ಯಾನೆಲ್ ಅದರ ಮೇಲೆ ಬರದಂತೆ ನೋಡಿಕೊಳ್ಳಿ. ಬೆಳಕು ತಯಾರಿಸಲು ಹೋಗಿ ಇದ್ದ ಬೆಳಕನ್ನು ಮುಚ್ಚಬಾರದು.

ಪ್ಯಾನೆಲ್‌ಗೂ ಹೆಂಚಿಗೂ ನಾಲ್ಕರಿಂದ ಆರು ಇಂಚು ಅಂತರ ಇರಲಿ, ಇಳಿಜಾರು ಹೆಂಚಿನದ್ದೇ ಇರಲಿ. ಬೇರೆ ಕೋನಕ್ಕೆ ಎತ್ತಿದರೆ ಗಾಳಿಗೆ ಹಿಡಿತ ಸಿಗುತ್ತದೆ, ಕಣ್ಣಿಗೂ ಚೆನ್ನಾಗಿರುವುದಿಲ್ಲ. ಅಂತರವೇ ಇಲ್ಲದೆ ಹೊಂದಿಸಿದರೆ ಪ್ಯಾನೆಲ್ ಕಾಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಮೇಲೆ ಏರುವ ಪ್ರತಿ ಡಿಗ್ರಿಗೂ ಅದರ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ. ಕೆಳಗಿನ ಹೆಂಚೂ ಒಣಗದೆ ಪಾಚಿ ಕಟ್ಟುತ್ತದೆ. ಸೂರಿನ ಅಂಚು, ನೆತ್ತಿಯ ಸಾಲು, ಎರಡು ಇಳಿಜಾರು ಕೂಡುವ ಮೂಲೆ, ಇವುಗಳಿಂದ ಎರಡಡಿ ದೂರ ಬಿಡಿ. ಕಪ್ಪು ಚೌಕಟ್ಟಿನ ಪ್ಯಾನೆಲ್ ಕೇಳಿ. ಬೆಳ್ಳಿ ಬಣ್ಣದ ಅಂಚು ಕೆಂಪು ಹೆಂಚಿನ ನಡುವೆ ದೂರದಿಂದಲೇ ಕಣ್ಣು ಚುಚ್ಚುತ್ತದೆ.

ಹೆಂಚಿನಂತೆಯೇ ಕಾಣುವ ಸೋಲಾರ್ ಹೆಂಚುಗಳೂ ಇವೆ. ಇಟಲಿಯ ಪಾಂಪೇಯಲ್ಲಿ ಅಂಥವನ್ನು ಪುರಾತನ ಮನೆಯ ಚಾವಣಿಗೆ ಬಳಸಿದ್ದಾರೆ. ಇಲ್ಲಿನ ಮನೆಗಳಿಗೆ ಹಾಕಿಸಲು ನಾನು ಇನ್ನೂ ಹೇಳುವುದಿಲ್ಲ, ಏಕೆಂದರೆ ಅದಕ್ಕಾಗಿ ಇರುವ ಮೂಲ ಹೆಂಚನ್ನೇ ತೆಗೆದುಹಾಕಬೇಕಾಗುತ್ತದೆ.

ಮದ್ರಾಸ್ ತಾರಸಿಯ ಮೇಲೆ

ಸಾಲು ಜಂತಿಗಳು, ಅವುಗಳ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕಟ್ಟಿದ ತೆಳು ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರಿನ ಗಾರೆ, ಕೊನೆಗೆ ಚಪ್ಪಟೆ ಹೆಂಚು. ಮದ್ರಾಸ್ ತಾರಸಿ ಎಂದರೆ ಇಷ್ಟು. ಇದಕ್ಕೆ ಡ್ರಿಲ್ ತಾಗಿಸಲೇಬಾರದು. ನಿಲ್ಲಿಸಿದ ಇಟ್ಟಿಗೆಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ. ಅದುರಿದರೆ ಗಾರೆ ಸಡಿಲವಾಗುತ್ತದೆ, ಬೋಲ್ಟ್ ಸುತ್ತ ಸೇರಿದ ನೀರು ಜಂತಿಯ ಬೆನ್ನಿಗೆ ಇಳಿಯುತ್ತದೆ. ಕೆಳಗಿನಿಂದ ಸುಣ್ಣ ಬಳಿದ ಚಾವಣಿಯಲ್ಲಿ ಕಂದು ಕಲೆ ಕಾಣುವ ಹೊತ್ತಿಗೆ ಮರ ಆಗಲೇ ಮೆತ್ತಗಾಗಿರುತ್ತದೆ.

ತೂತಿಲ್ಲದೆ ಭಾರ ಇಟ್ಟು ನಿಲ್ಲಿಸುವ ವಿಧಾನವನ್ನು ಹಲವರು ಹೇಳುತ್ತಾರೆ. ಕಾಂಕ್ರೀಟ್ ಕಟ್ಟೆಗಳನ್ನು ತಾರಸಿಯ ನಡುವೆ ಇಟ್ಟರೆ ಆ ಭಾರವೆಲ್ಲ ಜಂತಿಯ ನಡು ಭಾಗಕ್ಕೆ ಬೀಳುತ್ತದೆ, ಅದು ಬಾಗುವುದೇ ಅಲ್ಲಿ. ಮನೆಯ ನಿಜವಾದ ಬಲ ಒಂದೂವರೆ ಅಡಿ ದಪ್ಪದ ಗೋಡೆಗಳು. ಕೆಳಗಿನ ಕೋಣೆಗಳ ಗೋಡೆಗಳು ಎಲ್ಲಿ ಬರುತ್ತವೆ ಎಂದು ತಾರಸಿಯ ಮೇಲೆ ಸುಣ್ಣದಲ್ಲಿ ನಕ್ಷೆ ಎಳೆಯಿರಿ. ಆ ಗೆರೆಗಳ ಮೇಲೆ ರಬ್ಬರ್ ಹಾಸು, ಅದರ ಮೇಲೆ ಕಾಂಕ್ರೀಟ್ ಕಟ್ಟೆ, ಕಟ್ಟೆಯಿಂದ ಕಟ್ಟೆಗೆ ಕಲಾಯಿ ಮಾಡಿದ ಪೆಟ್ಟಿಗೆ ಆಕಾರದ ಕಬ್ಬಿಣದ ತೊಲೆ. ತೊಲೆ ತಾರಸಿಯನ್ನು ಎಲ್ಲೂ ಮುಟ್ಟದೆ ಕೆಲವು ಇಂಚು ಮೇಲೆ ಹಾಯಬೇಕು. ಭಾರ ಗೋಡೆಗೆ ಇಳಿಯುತ್ತದೆ, ಮಳೆನೀರು ಅಡಿಯಿಂದ ಹರಿಯುತ್ತದೆ, ಗಾಳಿಯ ಎಳೆತವನ್ನು ಕಟ್ಟೆಗಳ ತೂಕ ತಡೆಯುತ್ತದೆ. ತೊಲೆಯ ಗಾತ್ರ, ಕಟ್ಟೆಯ ತೂಕ ಎರಡನ್ನೂ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡಿ ಕೊಡಬೇಕು. ಇದಕ್ಕೆ ಕೊಡುವ ಶುಲ್ಕದಲ್ಲಿ ಚೌಕಾಸಿ ಮಾಡಬೇಡಿ.

ಓರೆ 10 ಡಿಗ್ರಿ ಸಾಕು. ಪ್ಯಾನೆಲ್ ಅನ್ನು ಅಡ್ಡಲಾಗಿ ಮಲಗಿಸಿದರೆ ಅದರ ಮೇಲಂಚು ಕೆಳಂಚಿಗಿಂತ ಎಂಟು ಇಂಚು ಮಾತ್ರ ಏರುತ್ತದೆ, ಎರಡೂವರೆ ಅಡಿಯ ಪ್ಯಾರಾಪೆಟ್ ಹಿಂದೆ ಸಂಪೂರ್ಣ ಮರೆಯಾಗುತ್ತದೆ. 5 ಡಿಗ್ರಿಗಿಂತ ಕಡಿಮೆ ಮಾಡಿದರೆ ಕೆಳಂಚಿನಲ್ಲಿ ನೀರು, ಧೂಳು ನಿಲ್ಲುತ್ತವೆ. ಕೂರಿಸುವ ಮೊದಲು ತಾರಸಿಯ ಬಿರುಕುಗಳನ್ನು ಸುಣ್ಣ–ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯಿಂದಲೇ ಮುಚ್ಚಿಸಿ. ಸಿಮೆಂಟು ಬೇಡ. ಅದು ಸುಣ್ಣದ ಜೊತೆ ಹಿಗ್ಗಿ ಕುಗ್ಗುವುದಿಲ್ಲ, ತೇವವನ್ನು ಒಳಗೇ ಹಿಡಿದಿಡುತ್ತದೆ.

ತಂತಿ, ಇನ್ವರ್ಟರ್, ಅರ್ಥಿಂಗ್

ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಮರದ ಪಟ್ಟಿಯ ಮೇಲೆ ಎಳೆದ ಎರಡೆಳೆ ತಂತಿ, ಪಿಂಗಾಣಿ ಫ್ಯೂಸು, ಅರ್ಥಿಂಗ್ ಇಲ್ಲ – ಇಂಥ ವೈರಿಂಗ್ ಕೆಲವು ಮನೆಗಳ ಮೂಲೆಗಳಲ್ಲಿ ಇಂದಿಗೂ ಇದೆ. ಅದನ್ನು ಬದಲಿಸದೆ ಸೋಲಾರ್ ಜೋಡಿಸಬೇಡಿ. ಪ್ಯಾನೆಲ್ ಕಡೆಯ ನೇರ ವಿದ್ಯುತ್ತಿಗೆ ಒಂದು, ಮನೆಯ ಕಡೆಗೆ ಒಂದು, ಸಿಡಿಲು ನಿರೋಧಕಕ್ಕೆ ಒಂದು, ಹೀಗೆ ಮೂರು ಬೇರೆ ಬೇರೆ ಅರ್ಥಿಂಗ್ ಗುಂಡಿ ಬೇಕು. ಮರದ ಚಾವಣಿಯ ಮನೆಯಲ್ಲಿ ಸಿಡಿಲಿನ ಒಂದು ಕಿಡಿಗೂ ಬೆಂಕಿ ಹತ್ತಬಹುದು. ಗುಂಡಿಗಳು ಅಡಿಪಾಯದ ಕಲ್ಲಿನಿಂದ ದೂರ, ತೋಟದ ಮಣ್ಣಿನಲ್ಲಿ ಇರಲಿ.

ಕೇಬಲ್ ಅನ್ನು ಗೋಡೆ ಕೊರೆದು ಹೂಳಬೇಡಿ. ಹಿಂಭಾಗದಲ್ಲಿ ಮಳೆನೀರಿನ ಕೊಳವೆಯ ಪಕ್ಕದಲ್ಲೇ ಪೈಪಿನೊಳಗೆ ಇಳಿಸಿ, ಕ್ಲಾಂಪನ್ನು ಇಟ್ಟಿಗೆಗೆ ಹೊಡೆಯದೆ ಗಾರೆಯ ಸಂದಿಗೆ ಹೊಡೆಯಿಸಿ. ಇನ್ವರ್ಟರನ್ನು ಸುಣ್ಣದ ಗೋಡೆಗೆ ನೇತುಹಾಕಿದರೆ ಮೆತ್ತನೆಯ ಇಟ್ಟಿಗೆಯಲ್ಲಿ ಬೋಲ್ಟ್ ಹಿಡಿಯುವುದಿಲ್ಲ. ನೆಲದ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟು ಮಾಡಿಸಿ, ನೆರಳಿನಲ್ಲಿ, ಮರದಿಂದ ದೂರ ನಿಲ್ಲಿಸಿ. ಕರೆಂಟ್ ಹೋದಾಗ, ಬೆಸ್ಕಾಂ ಲೈನಿಗೆ ಜೋಡಿಸಿದ ಸಾಮಾನ್ಯ ಆನ್–ಗ್ರಿಡ್ ವ್ಯವಸ್ಥೆಯೂ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವವರ ಜೀವಕ್ಕಾಗಿ ಅದನ್ನು ಹಾಗೆ ಮಾಡಿದ್ದಾರೆ. ಕತ್ತಲಾಗಬಾರದು ಎಂದಿದ್ದರೆ ಬ್ಯಾಟರಿಯ ಹೈಬ್ರಿಡ್ ಇನ್ವರ್ಟರ್ ಕೇಳಿ.

ಕಾಗದಪತ್ರ

ಹಳೆಯ ಮನೆಗಳ ಕೆಲಸ ಹೆಚ್ಚು ತಡವಾಗುವುದು ಇಲ್ಲಿ. ಬೆಸ್ಕಾಂ ಬಿಲ್ಲು ಇನ್ನೂ ತಾತನ ಹೆಸರಿನಲ್ಲಿರುತ್ತದೆ, ಖಾತೆ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ. ಮೊದಲು ಖಾತೆ, ಆಮೇಲೆ ವಿದ್ಯುತ್ ಸಂಪರ್ಕದ ಹೆಸರು ಬದಲಾವಣೆ, ಆಮೇಲೆ ಸೋಲಾರ್ ಅರ್ಜಿ. ಪಾಲುದಾರರೆಲ್ಲರ ಒಪ್ಪಿಗೆಯನ್ನು ಬರೆಸಿಕೊಳ್ಳಿ. ಚಾವಣಿ ಎಲ್ಲರದು.

ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನವಿದೆ. ರಾಷ್ಟ್ರೀಯ ಪೋರ್ಟಲಿನಲ್ಲಿ ವಿದ್ಯುತ್ ಬಿಲ್ಲಿನ ಮೇಲಿರುವ ಆರ್‌ಆರ್ ಸಂಖ್ಯೆ ಕೊಟ್ಟು ನೋಂದಾಯಿಸಿ, ಅಲ್ಲಿ ಪಟ್ಟಿಯಲ್ಲಿರುವವರಿಂದಲೇ ಕೆಲಸ ಮಾಡಿಸಬೇಕು. ಪ್ಯಾನೆಲ್ ಮತ್ತು ಅದರ ಕೋಶಗಳು ಭಾರತದಲ್ಲೇ ತಯಾರಾಗಿರಬೇಕು. ಜೋಡಣೆಯ ನಂತರ ಬೆಸ್ಕಾಂ ಪರಿಶೀಲಿಸಿ ಎರಡು ದಿಕ್ಕಿನ ಲೆಕ್ಕ ಹಿಡಿಯುವ ಮೀಟರ್ ಹಾಕುತ್ತದೆ. ಸಹಾಯಧನ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.

ಕೂರಿಸಿದ ಮೇಲೆ

ಧೂಳು ತೊಳೆಯಲು ಮುಂಜಾನೆ, ಪ್ಯಾನೆಲ್ ತಣ್ಣಗಿರುವಾಗ, ಉದ್ದ ಹಿಡಿಯ ಮೆತ್ತನೆಯ ಬ್ರಷ್ ಬಳಸಿ. ಬೋರ್‌ವೆಲ್ ನೀರಿನ ಉಪ್ಪು ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ, ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಪಾರಿವಾಳಗಳು ಪ್ಯಾನೆಲ್ ಅಡಿಯಲ್ಲಿ ಗೂಡು ಕಟ್ಟುವ ಮುಂಚೆ ಸುತ್ತ ಜಾಲರಿ ಹಾಕಿಸಿ. ತೆಂಗಿನ ಮರ ಪಕ್ಕದಲ್ಲಿದ್ದರೆ ಒಣಗಿದ ಗರಿ, ಬಲಿತ ಕಾಯಿ ಕಾಲಕಾಲಕ್ಕೆ ಇಳಿಸಿ.

ಕೆಲಸ ಕೊಡುವಾಗ ಒಪ್ಪಂದದಲ್ಲಿ ಇವನ್ನು ಬರೆಸಿ: ಹೆಂಚಿಗೂ ತಾರಸಿಗೂ ತೂತು ಕೊರೆಯುವಂತಿಲ್ಲ, ಒಡೆದ ಹೆಂಚಿಗೆ ಅದೇ ಕಾರ್ಖಾನೆಯ ಹೆಂಚು, ರಿಪೇರಿಗೆ ಸುಣ್ಣ ಮಾತ್ರ, ಕೆಲಸಕ್ಕೆ ಮುಂಚೆ ಅಟ್ಟದ ಒಳಗಿನ ಫೋಟೋ, ನಂತರವೂ ಅದೇ ಜಾಗದ ಫೋಟೋ. ಒಟ್ಟು ಹಣದಲ್ಲಿ ನೂರಕ್ಕೆ ಹತ್ತನ್ನು ಮಳೆಗಾಲ ಕಳೆಯುವವರೆಗೆ ತಡೆಹಿಡಿಯಿರಿ. ಒಳ್ಳೆಯ ತಂಡ ಇದಕ್ಕೆ ಒಪ್ಪುತ್ತದೆ. ದಸರೆ ಮುಗಿದ ಮೇಲೆ ಅವರನ್ನು ಕರೆಸಿ, ಜೊತೆಯಲ್ಲೇ ಅಟ್ಟ ಹತ್ತಿ, ಪ್ರತಿ ಹುಕ್ಕಿನ ಕೆಳಗೂ ಟಾರ್ಚ್ ಹಿಡಿದು ಮರ ಒಣಗಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ, ಆಮೇಲೆ ಉಳಿದ ಹಣ ಕೊಡಿ.